ಭೂಗತ ಕೇಬಲ್ ಖರೀದಿ | ಮಣ್ಣು ಮುಚ್ಚುವ ಮೊದಲು ನಾವು ಕೇಳಬೇಕಾದ ಪ್ರಶ್ನೆಗಳು

2023ರ ನವೆಂಬರ್ 19, ಭಾನುವಾರ ಬೆಳಗಿನ ಜಾವ. ಬೆಂಗಳೂರಿನ ವೈಟ್‌ಫೀಲ್ಡ್ ಬಳಿಯ ಹೋಪ್ ಫಾರ್ಮ್ ಜಂಕ್ಷನ್‌ನಲ್ಲಿ ಫುಟ್‌ಪಾತ್ ಮೇಲೆ ಹರಿದುಬಿದ್ದಿದ್ದ ವಿದ್ಯುತ್ ತಂತಿ ತುಳಿದು ಒಬ್ಬ ಯುವತಿ ಮತ್ತು ಆಕೆಯ ಒಂಬತ್ತು ತಿಂಗಳ ಮಗು ಸುಟ್ಟು ಸತ್ತರು. ಅಂಥ ಸಾವು ಸಂಭವಿಸಿದಾಗಲೆಲ್ಲ ಕೇಳಿಬರುವ ಮಾತು ಒಂದೇ: "ಎಲ್ಲ ತಂತಿಯನ್ನೂ ನೆಲದಡಿಗೆ ಹಾಕಿ." ಬೇಡಿಕೆ ನ್ಯಾಯವಾದದ್ದೇ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲಿ ದೇಶದಲ್ಲಿ ವರ್ಷಕ್ಕೆ 10 ಸಾವಿರಕ್ಕೂ ಹೆಚ್ಚು ಜನ ವಿದ್ಯುತ್ ಆಘಾತದಿಂದ ಸಾಯುತ್ತಾರೆ.

ಆದರೆ "ನೆಲದಡಿಗೆ ಹಾಕಿ" ಅನ್ನುವುದರ ಆಚೆಗೆ ನಮ್ಮ ಚರ್ಚೆ ಹೋಗುವುದೇ ಇಲ್ಲ. ಯಾವ ಕೇಬಲ್? ಯಾರು ಕೊಳ್ಳುತ್ತಾರೆ? ದರ ಹೇಗೆ ನಿಗದಿಯಾಗುತ್ತೆ? ಪರೀಕ್ಷೆ ಮಾಡುವವರು ಯಾರು? ದುಡ್ಡು ಯಾರದು? ಬೆಸ್ಕಾಂ ಬೆಂಗಳೂರಿನಲ್ಲಿ ಸಾವಿರಾರು ಕೋಟಿ ರೂಪಾಯಿ ವೆಚ್ಚದಲ್ಲಿ 11 ಕೆ.ವಿ. ಮಾರ್ಗಗಳನ್ನು ಭೂಗತ ಮಾಡುವ ಕೆಲಸ ಹಿಡಿದು ವರ್ಷಗಳಾದವು. ಮೈಸೂರು ನಗರದಲ್ಲೂ ಭೂಗತ ಕೇಬಲ್ ಇದೆ, ಇನ್ನೂ ಬೇಕು ಎಂಬ ಒತ್ತಾಯವೂ ಇದೆ. ನಾನು ಈ ವಿಷಯವನ್ನು ತಲಕಾಡಿನ ಕಡೆಯಿಂದ ನೋಡುತ್ತಿದ್ದೇನೆ. ಟಿ.ನರಸೀಪುರ ತಾಲೂಕಿನ ನಮ್ಮ ಹೋಬಳಿಯಲ್ಲಿ ಗದ್ದೆ ಬದುವಿನ ಮೇಲೆ ಇವತ್ತಿಗೂ ತೆರೆದ ತಂತಿಯೇ. ಆದರೆ ಮೈಸೂರಿನ ರಸ್ತೆಯಡಿ ಹೂಳುವ ಕೇಬಲ್ ಮತ್ತು ನಮ್ಮೂರಿನ ಬಿಲ್ ಎರಡೂ ಒಂದೇ ಕಂಪನಿಯ ಲೆಕ್ಕಪುಸ್ತಕದಲ್ಲಿವೆ.

ಈ ಬರಹ ಆ ಲೆಕ್ಕವನ್ನು ಬಿಡಿಸಿ ಹೇಳುವ ಪ್ರಯತ್ನ. ಹೇಳಬೇಕಾದ ಮಾತು ಇಷ್ಟೇ: ಕಂಬದ ಮೇಲಿನ ತಂತಿ ಕಳಪೆಯಾದರೆ ದಾರಿಹೋಕರಿಗೂ ಕಾಣುತ್ತೆ, ನೆಲದಡಿಯ ಕೇಬಲ್ ಕಾಣಲ್ಲ. ಆದ್ದರಿಂದ ಸಾರ್ವಜನಿಕರ ನಿಗಾ ಏನಿದ್ದರೂ ಮಣ್ಣು ಮುಚ್ಚುವ ಮೊದಲೇ ಆಗಬೇಕು.

ಕೇಬಲ್ ಅಂದರೆ ಬರೀ ತಂತಿ ಅಲ್ಲ

ಮೇಲ್ತಂತಿಗೆ ಗಾಳಿಯೇ ಕವಚ. ಅದಕ್ಕೇ ಅದು ಅಗ್ಗ. ನೆಲದಡಿಗೆ ಹೋದ ಕೂಡಲೇ ಆ ಕೆಲಸವನ್ನು ಪ್ಲಾಸ್ಟಿಕ್ ಮಾಡಬೇಕು. ನಮ್ಮಲ್ಲಿ 11 ಕೆ.ವಿ.ಗೆ ಬಳಸುವುದು ಹೆಚ್ಚಾಗಿ ಎಕ್ಸ್‌ಎಲ್‌ಪಿಇ ಕೇಬಲ್. ಪಾಲಿಥಿನ್‌ನ ಅಣುಸರಪಳಿಗಳನ್ನು ಒಂದಕ್ಕೊಂದು ಹೆಣೆದು, ಶಾಖಕ್ಕೆ ಕರಗದಂತೆ ಮಾಡಿದ ವಸ್ತು ಇದು. ಒಳಗಿನ ಲೋಹ 90 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿಯಾದರೂ ತಡೆದುಕೊಳ್ಳುತ್ತದೆ.

ಕೇಬಲ್ ತುಂಡು ಮಾಡಿ ನೋಡಿದರೆ ಒಳಗಿನಿಂದ ಹೊರಕ್ಕೆ ಹೀಗಿರುತ್ತೆ: ಮೂರು ಅಲ್ಯೂಮಿನಿಯಂ ಎಳೆಗಳು, ಪ್ರತಿಯೊಂದರ ಮೇಲೂ ತೆಳುವಾದ ಅರೆವಾಹಕ ಪದರ, ಅದರ ಮೇಲೆ ಎಕ್ಸ್‌ಎಲ್‌ಪಿಇ, ಮತ್ತೆ ಅರೆವಾಹಕ ಪದರ, ತಾಮ್ರದ ಪಟ್ಟಿ, ಎಲ್ಲವನ್ನೂ ಸುತ್ತಿದ ಉಕ್ಕಿನ ಕವಚ, ಕೊನೆಗೆ ಪಿವಿಸಿ ಹೊದಿಕೆ. ಭಾರತೀಯ ಮಾನಕ ಬ್ಯೂರೋದ ಐಎಸ್ 7098 ಮಾನದಂಡದ ಎರಡನೇ ಭಾಗ 3.3ರಿಂದ 33 ಕೆ.ವಿ.ವರೆಗಿನ ಇಂಥ ಕೇಬಲ್‌ಗಳಿಗೆ ಅನ್ವಯಿಸುತ್ತದೆ. ಭೂಸಂಪರ್ಕವಿರುವ 11 ಕೆ.ವಿ. ವ್ಯವಸ್ಥೆಗೆ ಎಕ್ಸ್‌ಎಲ್‌ಪಿಇ ಪದರದ ನಿಗದಿತ ದಪ್ಪ 3.6 ಮಿ.ಮೀ. ಒಂದು ಊರಿನ ವಿದ್ಯುತ್ತನ್ನು ಹಿಡಿದಿಡುವುದು ಅಷ್ಟು ದಪ್ಪದ ಪ್ಲಾಸ್ಟಿಕ್.

ಆ ಪ್ಲಾಸ್ಟಿಕ್‌ನಲ್ಲಿ ಧೂಳಿನ ಕಣವೋ ಗಾಳಿಗುಳ್ಳೆಯೋ ಸೇರಿಕೊಂಡರೆ ಆ ಜಾಗದಲ್ಲಿ ಸಣ್ಣ ಸಣ್ಣ ಕಿಡಿಗಳು ಶುರುವಾಗುತ್ತವೆ. ನೀರಿನ ತೇವ ಒಳಹೊಕ್ಕರೆ ಮರದ ಬೇರಿನಂತೆ ಕವಲೊಡೆದು ಬೆಳೆಯುವ ಬಿರುಕು ಹುಟ್ಟುತ್ತದೆ. ಎಂಜಿನಿಯರ್‌ಗಳು ಇದನ್ನು ವಾಟರ್ ಟ್ರೀ ಅಂತಲೇ ಕರೆಯುತ್ತಾರೆ. ಇದು ಒಂದೇ ದಿನಕ್ಕೆ ಕೆಡುವ ಕಾಯಿಲೆಯಲ್ಲ. ಐದು, ಎಂಟು, ಹತ್ತು ವರ್ಷ ಬೇಕು. ಅಷ್ಟೊತ್ತಿಗೆ ಗುತ್ತಿಗೆದಾರನ ಗ್ಯಾರಂಟಿ ಮುಗಿದಿರುತ್ತೆ, ಬಿಲ್ ಪಾಸು ಮಾಡಿದ ಅಧಿಕಾರಿ ವರ್ಗವಾಗಿರುತ್ತಾರೆ.

ಕೊಳ್ಳುವವರು ಯಾರು?

ವಿದ್ಯುತ್ ಸಾಮಗ್ರಿಯ ಸರ್ಕಾರಿ ಖರೀದಿ ಈ ನೆಲಕ್ಕೆ ಹೊಸದಲ್ಲ. ತಲಕಾಡಿನಿಂದ ಕಾವೇರಿಯ ಕೆಳಹರಿವಿನಲ್ಲಿ ಸಿಗುವ ಶಿವನಸಮುದ್ರದಲ್ಲಿ ಮೈಸೂರು ಸರ್ಕಾರ ವಿದ್ಯುತ್ ಕೇಂದ್ರ ಕಟ್ಟಿದಾಗ ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ ಕಂಪನಿಯವು, ಟರ್ಬೈನ್‌ಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯವು. 1902ರ ಜೂನ್ 30ರಂದು ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ ಬಂತು. ನದಿ ದಂಡೆಯ ಹಳ್ಳಿಗಳು ಮಾತ್ರ ದಶಕಗಳ ಕಾಲ ಬುಡ್ಡಿದೀಪದಲ್ಲೇ ಇದ್ದವು. ಯಾರಿಗೆ ಮೊದಲು, ಯಾರ ದುಡ್ಡಲ್ಲಿ ಅನ್ನುವ ಪ್ರಶ್ನೆ ಆಗಲೇ ಹುಟ್ಟಿತ್ತು.

ಈಗಿನ ವ್ಯವಸ್ಥೆಗೆ ಬರೋಣ. ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿ 1999ರಲ್ಲಿ ಕೊನೆಗೊಂಡು ಕೆಪಿಟಿಸಿಎಲ್ ಆಯಿತು. 2002ರ ಜೂನ್ 1ರಿಂದ ವಿತರಣೆ ಬೇರೆ ಕಂಪನಿಗಳ ಪಾಲಾಯಿತು: ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ. 2005ರಲ್ಲಿ ಮೆಸ್ಕಾಂನಿಂದ ಬೇರ್ಪಟ್ಟದ್ದು ಮೈಸೂರು ಕೇಂದ್ರವಾಗಿರುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಅಂದರೆ ಸೆಸ್ಕ್. ಮೈಸೂರು, ಚಾಮರಾಜನಗರ, ಮಂಡ್ಯ, ಹಾಸನ, ಕೊಡಗು ಜಿಲ್ಲೆಗಳು ಇದರ ವ್ಯಾಪ್ತಿ. ಇವೆಲ್ಲ ಸರ್ಕಾರಿ ಒಡೆತನದ ಕಂಪನಿಗಳು.

ಇಂಥ ಕಂಪನಿ ಕೇಬಲ್ ಕೊಳ್ಳಲು ಎರಡು ದಾರಿಗಳಿವೆ. ಒಂದು, ಕಂಪನಿಯೇ ಟೆಂಡರ್ ಕರೆದು ತಯಾರಕರಿಂದ ನೇರವಾಗಿ ಖರೀದಿಸಿ, ಉಗ್ರಾಣದಲ್ಲಿಟ್ಟು, ಹೂಳುವ ಕೆಲಸವನ್ನು ಮಾತ್ರ ಗುತ್ತಿಗೆದಾರನಿಗೆ ಕೊಡುವುದು. ಎರಡು, ಟರ್ನ್‌ಕೀ: ಕೇಬಲ್, ಅಗೆತ, ಜಾಯಿಂಟ್, ರಸ್ತೆ ದುರಸ್ತಿ ಎಲ್ಲವನ್ನೂ ಒಬ್ಬನೇ ಗುತ್ತಿಗೆದಾರನಿಗೆ ವಹಿಸುವುದು.

ನೇರ ಖರೀದಿಯಲ್ಲಿ ಒಂದು ಮೀಟರ್ ಕೇಬಲ್‌ಗೆ ಎಷ್ಟು ಕೊಟ್ಟರು ಅಂತ ಸ್ಪಷ್ಟವಾಗಿ ಗೊತ್ತಾಗುತ್ತೆ. ಆದರೆ ಕೇಬಲ್ ಬಂದು ಕೂತು, ರಸ್ತೆ ಅಗೆಯಲು ಪಾಲಿಕೆ ಅನುಮತಿ ಸಿಗದೆ ಡ್ರಮ್‌ಗಳು ಉಗ್ರಾಣದಲ್ಲೇ ಒಣಗುವ ಅಪಾಯವಿದೆ. ಕೇಬಲ್ ಕೆಟ್ಟರೆ "ಹಾಕಿದ್ದು ಸರಿಯಿಲ್ಲ" ಅಂತ ತಯಾರಕ, "ಕೊಟ್ಟದ್ದೇ ಸರಿಯಿಲ್ಲ" ಅಂತ ಗುತ್ತಿಗೆದಾರ ಹೇಳ್ತಾರೆ. ಟರ್ನ್‌ಕೀಯಲ್ಲಿ ಹೊಣೆ ಒಬ್ಬನದೇ. ಆದರೆ ಕೇಬಲ್ ಕೊಳ್ಳುವವನು ಗುತ್ತಿಗೆದಾರ, ಅವನು ಉಳಿಸಿದ ಪ್ರತಿ ರೂಪಾಯಿ ಅವನ ಜೇಬಿಗೆ. ಅಲ್ಲಿ ಕಂಪನಿಯ ತಪಾಸಣೆ ಸಡಿಲವಾದರೆ ಕಥೆ ಮುಗಿದಂತೆ.

ಟೆಂಡರ್ ನಿಯಮ ಏನು ಹೇಳುತ್ತೆ?

ಮೂಲ ಕಾನೂನು, ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ 1999. ಸುದ್ದಿಗಳಲ್ಲಿ ಕೆಟಿಪಿಪಿ ಕಾಯ್ದೆ ಅಂತ ಬರುವುದು ಇದೇ. ಸರ್ಕಾರಿ ಕಂಪನಿಗಳೂ ಇದರ ಅಡಿಯಲ್ಲೇ ಬರುತ್ತವೆ. ಟೆಂಡರ್‌ಗಳು ರಾಜ್ಯದ ಇ-ಸಂಗ್ರಹಣಾ ಪೋರ್ಟಲ್‌ನಲ್ಲಿ ಪ್ರಕಟವಾಗಬೇಕು.

ದೊಡ್ಡ ಖರೀದಿಗಳಲ್ಲಿ ಸಾಮಾನ್ಯವಾಗಿ ಎರಡು ಲಕೋಟೆ ಪದ್ಧತಿ ಇರುತ್ತದೆ. ಮೊದಲ ಲಕೋಟೆಯಲ್ಲಿ ತಾಂತ್ರಿಕ ಅರ್ಹತೆ: ವಹಿವಾಟು ಎಷ್ಟು, ಹಿಂದೆ ಎಷ್ಟು ಕಿ.ಮೀ. ಪೂರೈಸಿದ್ದಾರೆ, ಪರೀಕ್ಷಾ ವರದಿ ಇದೆಯಾ. ಇದರಲ್ಲಿ ಪಾಸಾದವರ ಎರಡನೇ ಲಕೋಟೆ, ಅಂದರೆ ದರಪಟ್ಟಿ, ಮಾತ್ರ ತೆರೆಯುತ್ತಾರೆ. ಅತಿ ಕಡಿಮೆ ದರ ಹೇಳಿದವನು ಎಲ್-1.

ಇಲ್ಲಿ ಎರಡು ಕಡೆ ಕಣ್ಣಿಡಬೇಕು. ಮೊದಲನೆಯದು ಅರ್ಹತಾ ಷರತ್ತು. "ಇಂಥ ಗಾತ್ರದ ಕೇಬಲ್ಲನ್ನು ಇಷ್ಟು ವರ್ಷದಲ್ಲಿ ಇಷ್ಟು ಕಿ.ಮೀ. ಪೂರೈಸಿರಬೇಕು" ಎಂಬ ಒಂದು ಸಾಲನ್ನು ಸ್ವಲ್ಪ ಬಿಗಿ ಮಾಡಿದರೆ ಸಾಕು, ಹತ್ತು ಜನ ಸ್ಪರ್ಧಿಸಬೇಕಾದಲ್ಲಿ ಇಬ್ಬರು ಉಳಿಯುತ್ತಾರೆ. ಲಂಚದ ಆರೋಪಗಳು ದರದ ಸುತ್ತ ಕೇಳಿಬರುತ್ತವೆ, ಆದರೆ ಆಟ ಬಹಳ ಸಲ ಮುಗಿಯುವುದು ಈ ಮೊದಲ ಲಕೋಟೆಯಲ್ಲೇ. ಎರಡನೆಯದು ವಿನಾಯಿತಿ. ಕಾಯ್ದೆಯ 4(ಜಿ) ಕಲಂ ಪ್ರಕಾರ ಸರ್ಕಾರ ಅಧಿಸೂಚನೆ ಹೊರಡಿಸಿ ನಿರ್ದಿಷ್ಟ ಖರೀದಿಗೆ ಟೆಂಡರ್‌ನಿಂದ ವಿನಾಯಿತಿ ಕೊಡಬಹುದು. ಯಾವ ಪಕ್ಷದ ಸರ್ಕಾರ ಬಂದರೂ ಈ ಕಿಟಕಿ ಮುಚ್ಚಿಲ್ಲ.

2021ರಲ್ಲಿ ರಾಜ್ಯ ಗುತ್ತಿಗೆದಾರರ ಸಂಘ ಪ್ರಧಾನಿಗೆ ಪತ್ರ ಬರೆದು 40 ಪರ್ಸೆಂಟ್ ಕಮಿಷನ್ ಆರೋಪ ಮಾಡಿತು. 2025ರಲ್ಲಿ ಸ್ಮಾರ್ಟ್ ಮೀಟರ್ ಟೆಂಡರ್ ಬಗ್ಗೆ ವಿಧಾನಸಭೆಯಲ್ಲಿ ಗದ್ದಲವಾಯಿತು. ಮೀಟರ್ ಮನೆಯ ಗೋಡೆಯ ಮೇಲೆ ಕಾಣುತ್ತೆ, ಅದರ ದರ ಗ್ರಾಹಕನ ಕೈಗೇ ಬರುತ್ತೆ, ಅದಕ್ಕೇ ಗಲಾಟೆ ಆಯಿತು. ಕೇಬಲ್ ದರ ಎಷ್ಟು ಅಂತ ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ?

ಅಗ್ಗದ ಕೇಬಲ್ ಎಷ್ಟು ದುಬಾರಿ?

ಕೆಟಿಪಿಪಿ ಕಾಯ್ದೆ ಬರೀ "ಕಡಿಮೆ ದರ" ಅನ್ನುವುದಿಲ್ಲ. ಟೆಂಡರ್‌ನಲ್ಲಿ ಮೊದಲೇ ಹೇಳಿದ ಮಾನದಂಡಗಳ ಪ್ರಕಾರ ಮೌಲ್ಯಮಾಪನ ಮಾಡಿದ ಮೇಲೆ ಬರುವ ಕಡಿಮೆ ದರ ಅನ್ನುತ್ತದೆ. ಈ ವ್ಯತ್ಯಾಸ ಮುಖ್ಯ. ಒಂದು ಲೆಕ್ಕ ಹಾಕೋಣ.

11 ಕೆ.ವಿ. ಕೇಬಲ್‌ನಲ್ಲಿ 240 ಚದರ ಮಿ.ಮೀ. ಮತ್ತು 400 ಚದರ ಮಿ.ಮೀ. ಎರಡೂ ಸಾಮಾನ್ಯ ಗಾತ್ರಗಳು. ಮಾನದಂಡದ ಪ್ರಕಾರ 20 ಡಿಗ್ರಿಯಲ್ಲಿ ಅಲ್ಯೂಮಿನಿಯಂ ಎಳೆಯ ರೋಧ ಪ್ರತಿ ಕಿ.ಮೀ.ಗೆ 240ರದ್ದು 0.125 ಓಮ್, 400ರದ್ದು 0.0778 ಓಮ್ ದಾಟಬಾರದು. ಎರಡರಲ್ಲೂ 200 ಆಂಪಿಯರ್ ಹರಿಸಿದರೆ ಮೂರು ಎಳೆಗಳಲ್ಲಿ ಸೇರಿ ಶಾಖವಾಗಿ ವ್ಯರ್ಥವಾಗುವುದು ಕಿ.ಮೀ.ಗೆ ಕ್ರಮವಾಗಿ 15 ಕಿಲೋವ್ಯಾಟ್ ಮತ್ತು 9.3 ಕಿಲೋವ್ಯಾಟ್. ವ್ಯತ್ಯಾಸ 5.7 ಕಿಲೋವ್ಯಾಟ್. ದಿನಕ್ಕೆ ಎಂಟು ಗಂಟೆ ಹೀಗೆ ಹರಿದರೆ ವರ್ಷಕ್ಕೆ ಸುಮಾರು 16,500 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಅಂತ ಹಿಡಿದರೂ ಒಂದು ಕಿ.ಮೀ.ಗೆ ವರ್ಷಕ್ಕೆ ಹತ್ತಿರ ಹತ್ತಿರ ಒಂದು ಲಕ್ಷ ರೂಪಾಯಿ. ಕೇಬಲ್ ಬಿಸಿಯಾದಾಗ ರೋಧ ಇನ್ನೂ ಏರುತ್ತೆ, 90 ಡಿಗ್ರಿಯಲ್ಲಿ ಸುಮಾರು ಶೇ. 28ರಷ್ಟು. ಹಾಗಾಗಿ ನಿಜವಾದ ನಷ್ಟ ಇದಕ್ಕಿಂತ ಹೆಚ್ಚು.

ಕೇಬಲ್ 25 ವರ್ಷ ಬಾಳಬೇಕಾದ ವಸ್ತು. ಖರೀದಿ ದಿನದ ಉಳಿತಾಯ ಒಂದೇ ಸಲ, ನಷ್ಟ ಪ್ರತಿದಿನ. ಎಲ್ಲ ಕಡೆಯೂ ದಪ್ಪ ಕೇಬಲ್ಲೇ ಬೇಕು ಅಂತಲ್ಲ. ಕಡಿಮೆ ಲೋಡಿನ ಬೀದಿಗೆ 400 ಹಾಕುವುದೂ ದುಡ್ಡು ಪೋಲು ಮಾಡಿದಂತೆಯೇ. ಬೇಕಿರುವುದು, "ಈ ಗಾತ್ರ ಯಾಕೆ?" ಎಂಬ ಪ್ರಶ್ನೆಗೆ ಜೀವಿತಾವಧಿ ವೆಚ್ಚದ ಲೆಕ್ಕದಲ್ಲಿ ಉತ್ತರ. ಆ ಲೆಕ್ಕ ಟೆಂಡರ್ ಕರೆಯುವ ಮೊದಲಿನ ಅಂದಾಜು ಕಡತದಲ್ಲಿ ಇರಬೇಕು.

ಅಲ್ಯೂಮಿನಿಯಂ ಜೂಜು

400 ಚದರ ಮಿ.ಮೀ.ನ ಮೂರು ಎಳೆ, ಒಂದು ಕಿ.ಮೀ. ಉದ್ದ. ಹೆಸರಿನ ಗಾತ್ರ ಹಿಡಿದು ಗುಣಿಸಿದರೆ ಅದರಲ್ಲಿರುವ ಅಲ್ಯೂಮಿನಿಯಂ ಸುಮಾರು 3.2 ಟನ್. ಲಂಡನ್ ಲೋಹ ವಿನಿಮಯ ಕೇಂದ್ರದಲ್ಲಿ 2020ರ ಏಪ್ರಿಲ್‌ನಲ್ಲಿ, ಕೋವಿಡ್ ಲಾಕ್‌ಡೌನ್ ಹೊತ್ತಿಗೆ, ಅಲ್ಯೂಮಿನಿಯಂ ಬೆಲೆ ಟನ್‌ಗೆ 1,500 ಡಾಲರ್‌ಗಿಂತ ಕೆಳಗೆ ಇಳಿದಿತ್ತು. 2022ರ ಮಾರ್ಚ್‌ನಲ್ಲಿ ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿದ ಮೇಲೆ 4,000 ಡಾಲರ್ ದಾಟಿತು. ಒಂದು ಕಿ.ಮೀ. ಕೇಬಲ್‌ನ ಲೋಹದ ಬೆಲೆಯಲ್ಲೇ 8,000 ಡಾಲರ್ ವ್ಯತ್ಯಾಸ.

ಇದಕ್ಕಾಗಿಯೇ ಒಪ್ಪಂದಗಳಲ್ಲಿ ಬೆಲೆ ಏರಿಳಿತದ ಷರತ್ತು ಇರುತ್ತದೆ. ವಿದ್ಯುತ್ ಉಪಕರಣ ತಯಾರಕರ ಸಂಘವಾದ ಐಇಇಎಂಎ ಪ್ರಕಟಿಸುವ ಸೂತ್ರ ಮತ್ತು ಲೋಹದ ದರಗಳನ್ನು ಆಧಾರವಾಗಿ ಬಳಸುತ್ತಾರೆ. ಷರತ್ತು ಇಲ್ಲದಿದ್ದರೆ ತಯಾರಕ ಅಪಾಯದ ಹಣವನ್ನು ಮೊದಲೇ ದರದಲ್ಲಿ ಸೇರಿಸುತ್ತಾನೆ, ಇಲ್ಲವೇ ಬೆಲೆ ಏರಿದಾಗ ಪೂರೈಕೆ ನಿಲ್ಲಿಸುತ್ತಾನೆ. ಹಾಗಾಗಿ ಷರತ್ತು ಇರುವುದು ಹಗರಣ ಅಲ್ಲ.

ಕೇಳಬೇಕಾದ್ದು ಬೇರೆ. ಬೆಲೆ ಇಳಿದಾಗಲೂ ಆ ಸೂತ್ರ ಅನ್ವಯವಾಯಿತಾ? ತಯಾರಕನೇ ತಡಮಾಡಿ, ಆ ಅವಧಿಯಲ್ಲಿ ಲೋಹದ ಬೆಲೆ ಏರಿದರೆ ಹೆಚ್ಚುವರಿ ಹಣ ಕಂಪನಿ ಕೊಟ್ಟಿತಾ, ಅಥವಾ ಒಪ್ಪಂದದ ಪೂರೈಕೆ ದಿನದ ದರಕ್ಕೇ ನಿಂತಿತಾ? ಈ ಎರಡು ಪ್ರಶ್ನೆಗೆ ಉತ್ತರ ಪೂರಕ ಬಿಲ್‌ಗಳಲ್ಲಿದೆ. ಸುದ್ದಿಯಾಗುವುದು ಟೆಂಡರ್ ದರ. ಪೂರಕ ಬಿಲ್ ಸುದ್ದಿಯಾಗಲ್ಲ.

ಸ್ಪರ್ಧೆ ನಿಜವಾ, ನಾಟಕವಾ?

ಕೇಬಲ್ ವ್ಯಾಪಾರದಲ್ಲಿ ಒಳಒಪ್ಪಂದ ಕಟ್ಟುಕತೆ ಅಲ್ಲ. 2014ರ ಏಪ್ರಿಲ್‌ನಲ್ಲಿ ಯುರೋಪಿಯನ್ ಕಮಿಷನ್ ನೆಲದಡಿಯ ಮತ್ತು ಸಮುದ್ರದಡಿಯ ಅಧಿಕ ವೋಲ್ಟೇಜ್ ಕೇಬಲ್ ತಯಾರಿಸುವ 11 ಕಂಪನಿ ಸಮೂಹಗಳಿಗೆ ಒಟ್ಟು ಸುಮಾರು 30 ಕೋಟಿ ಯೂರೋ ದಂಡ ಹಾಕಿತು. 1999ರಿಂದ ಹತ್ತು ವರ್ಷ ಕಾಲ ಅವು ಜಗತ್ತಿನ ಮಾರುಕಟ್ಟೆಯನ್ನು ಹಂಚಿಕೊಂಡಿದ್ದವು. ನಿನ್ನ ದೇಶಕ್ಕೆ ನಾನು ಬರಲ್ಲ, ನನ್ನ ದೇಶಕ್ಕೆ ನೀನು ಬರಬೇಡ ಅನ್ನುವ ಒಪ್ಪಂದ. ಕೂಟದಲ್ಲಿದ್ದ ಎಬಿಬಿ ತಾನೇ ಮಾಹಿತಿ ಕೊಟ್ಟಿದ್ದರಿಂದ ದಂಡದಿಂದ ಪಾರಾಯಿತು.

ಭಾರತದಲ್ಲಿ ಸ್ಪರ್ಧಾ ಕಾಯ್ದೆ 2002ರ ಕಲಂ 3(3)(ಡಿ) ಟೆಂಡರ್ ಒಳಸಂಚನ್ನು ನಿಷೇಧಿಸುತ್ತದೆ. ಪತ್ತೆ ಮಾಡುವುದು ಹೇಗೆ? ಸಾಮಾನ್ಯ ಓದುಗರಿಗೂ ಕಾಣುವ ಸುಳಿವುಗಳಿವೆ: ಪ್ರತಿ ಸಲ ಅದೇ ಮೂವರು, ಗೆಲ್ಲುವವರು ಸರದಿ ಪ್ರಕಾರ ಬದಲಾಗುವುದು, ಸೋತವರ ದರಗಳೆಲ್ಲ ಅಂದಾಜಿಗಿಂತ ಒಂದೇ ಪ್ರಮಾಣದಲ್ಲಿ ಹೆಚ್ಚಿರುವುದು, ಸೋತ ಕಂಪನಿಗೇ ಮುಂದೆ ಉಪಗುತ್ತಿಗೆ ಸಿಗುವುದು. ಇವು ಸಾಕ್ಷ್ಯವಲ್ಲ, ಅನುಮಾನಕ್ಕೆ ಕಾರಣ ಅಷ್ಟೇ. ಆದರೆ ಒಂದೇ ಟೆಂಡರ್ ನೋಡಿದರೆ ಇವು ಕಾಣಲ್ಲ. ಐದಾರು ವರ್ಷದ ಪಟ್ಟಿ ಒಟ್ಟಿಗೆ ಇಟ್ಟು ನೋಡಬೇಕು. ಇಂಥ ಕೆಲಸಕ್ಕೆ ಎಂಜಿನಿಯರಿಂಗ್ ಓದಿರಬೇಕಿಲ್ಲ, ಒಂದು ಎಕ್ಸೆಲ್ ಹಾಳೆ ಮತ್ತು ತಾಳ್ಮೆ ಇದ್ದರೆ ಸಾಕು.

ಪರೀಕ್ಷೆ: ಕೊನೆಯ ಬಾಗಿಲು

ಮೂರು ಬಗೆಯ ಪರೀಕ್ಷೆಗಳಿವೆ. ಟೈಪ್ ಟೆಸ್ಟ್ ಒಂದು ವಿನ್ಯಾಸಕ್ಕೆ ಮಾಡುವ ಸಮಗ್ರ ಪರೀಕ್ಷೆ, ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಆಗುತ್ತದೆ. 1960ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ನಮ್ಮ ಬೆಂಗಳೂರಿನಲ್ಲೇ ಇದೆ. ರೂಟೀನ್ ಟೆಸ್ಟನ್ನು ತಯಾರಕ ಪ್ರತಿ ಡ್ರಮ್ಮಿಗೂ ಮಾಡಬೇಕು: ಎಳೆಯ ರೋಧ, ಆಂಶಿಕ ಕಿಡಿ, ಅಧಿಕ ವೋಲ್ಟೇಜ್. ಸ್ವೀಕಾರ ಪರೀಕ್ಷೆಯಲ್ಲಿ ಕೊಳ್ಳುವವರ ಪ್ರತಿನಿಧಿ ಕಾರ್ಖಾನೆಗೆ ಹೋಗಿ, ಮಾದರಿ ಆರಿಸಿ, ಕಣ್ಣೆದುರೇ ಪರೀಕ್ಷೆ ಮಾಡಿಸಬೇಕು.

ಇದರಲ್ಲಿ ಎರಡು ಪರೀಕ್ಷೆ ಮೋಸಗಾರನಿಗೆ ಕಂಟಕ. ಒಂದು ರೋಧ. ಅಲ್ಯೂಮಿನಿಯಂ ಕದ್ದರೆ ರೋಧ ಏರುತ್ತೆ, ಅಳತೆ ಸುಳ್ಳು ಹೇಳಲ್ಲ. ಇನ್ನೊಂದು ಹಾಟ್ ಸೆಟ್: ಪ್ಲಾಸ್ಟಿಕ್ ತುಂಡಿಗೆ ಭಾರ ಕಟ್ಟಿ 200 ಡಿಗ್ರಿ ಶಾಖದಲ್ಲಿ 15 ನಿಮಿಷ ತೂಗುಹಾಕುತ್ತಾರೆ. ಹೆಣಿಗೆ ಸರಿಯಾಗಿ ಆಗಿಲ್ಲದ ಎಕ್ಸ್‌ಎಲ್‌ಪಿಇ ಜಗ್ಗಿ ಹರಿದುಹೋಗುತ್ತೆ.

ಸಮಸ್ಯೆ ಏನಂದರೆ, ಕಾರ್ಖಾನೆಯಲ್ಲಿ ಪಾಸಾದ ಡ್ರಮ್ಮೇ ನಮ್ಮ ಬೀದಿಗೆ ಬಂತು ಎನ್ನುವುದಕ್ಕೆ ಏನು ಖಾತ್ರಿ? ಹಾಗಾಗಿ ಸ್ಥಳಕ್ಕೆ ಬಂದ ಡ್ರಮ್‌ನಿಂದಲೂ ತುಂಡು ಕತ್ತರಿಸಿ ಮೂರನೆಯವರ ಪ್ರಯೋಗಾಲಯಕ್ಕೆ ಕಳಿಸುವ ಷರತ್ತು ಟೆಂಡರ್‌ನಲ್ಲೇ ಇರಬೇಕು. ಡ್ರಮ್ ಸಂಖ್ಯೆ, ಕೇಬಲ್ ಮೈಮೇಲೆ ಒತ್ತಿದ ತಯಾರಕರ ಹೆಸರು, ವರ್ಷ ಮತ್ತು ಮೀಟರ್ ಗುರುತು ದಾಖಲಾಗಬೇಕು.

ಕೇಬಲ್ ಒಳ್ಳೆಯದಾದರೂ ಹಾಕುವುದು ಕೆಟ್ಟರೆ ಪ್ರಯೋಜನವಿಲ್ಲ. ಐಎಸ್ 1255 ಪ್ರಕಾರ 11 ಕೆ.ವಿ. ಕೇಬಲ್ ಕನಿಷ್ಠ 90 ಸೆಂ.ಮೀ. ಆಳದಲ್ಲಿರಬೇಕು. ಆಳ ಕಡಿಮೆಯಾದರೆ ನಾಳೆ ನೀರಿನ ಪೈಪಿಗೆ ಅಗೆಯುವ ಜೆಸಿಬಿ ಹಲ್ಲಿಗೆ ಅದೇ ಮೊದಲು ಸಿಗುತ್ತೆ. ಜಾಯಿಂಟ್‌ಗಳು ಇನ್ನೊಂದು ದುರ್ಬಲ ಜಾಗ. 250 ಮೀಟರ್ ಡ್ರಮ್ ಕೊಂಡರೆ ಒಂದು ಕಿ.ಮೀ.ಗೆ ಮೂರು ಜಾಯಿಂಟ್, 500 ಮೀಟರ್ ಡ್ರಮ್ ಆದರೆ ಒಂದೇ. ಅಂದರೆ ಡ್ರಮ್ ಉದ್ದ ಎಂಬ ಸಣ್ಣ ಷರತ್ತು ಮುಂದಿನ 25 ವರ್ಷದ ಪವರ್ ಕಟ್‌ ನಿರ್ಧರಿಸುತ್ತದೆ. ಮಳೆಯಲ್ಲಿ, ಗುಂಡಿಯೊಳಗೆ ಕೂತು ಜಾಯಿಂಟ್ ಹಾಕುವವನು ಬಹುತೇಕ ಗುತ್ತಿಗೆ ಕಾರ್ಮಿಕ. ಅವನಿಗೆ ತರಬೇತಿ, ಪ್ರಮಾಣಪತ್ರ, ಸರಿಯಾದ ಕೂಲಿ ಇದೆಯಾ ಅನ್ನುವುದೂ ಖರೀದಿಯ ಪ್ರಶ್ನೆಯೇ.

ತಲಕಾಡಿನ ಮರಳು ಹೇಳುವ ಪಾಠ

ಕೇಬಲ್ ಕ್ಯಾಟಲಾಗ್‌ನಲ್ಲಿ "ಇಷ್ಟು ಆಂಪಿಯರ್" ಅಂತ ಬರೆದಿರುತ್ತೆ. ಅದು ಒಂದು ಊಹೆಯ ಮೇಲೆ ನಿಂತ ಸಂಖ್ಯೆ: ನೆಲದ ಉಷ್ಣತೆ 30 ಡಿಗ್ರಿ, ಮಣ್ಣಿನ ಉಷ್ಣರೋಧ ಇಷ್ಟು ಎಂದು. ಕೇಬಲ್ ಹುಟ್ಟಿಸುವ ಶಾಖ ಮಣ್ಣಿನ ಮೂಲಕವೇ ಹೊರಹೋಗಬೇಕು. ತೇವದ ಮಣ್ಣು ಶಾಖವನ್ನು ಸಾಗಿಸುತ್ತೆ. ಒಣ ಮರಳಿನ ಕಣಗಳ ನಡುವೆ ಗಾಳಿ ತುಂಬಿರುವುದರಿಂದ ಅದು ಕಂಬಳಿಯಂತೆ ಶಾಖವನ್ನು ಹಿಡಿದಿಡುತ್ತೆ, ತೇವದ ಮಣ್ಣಿಗಿಂತ ಎರಡು ಮೂರು ಪಟ್ಟು.

ತಲಕಾಡಿನ ಮರಳು ದಿಬ್ಬಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಪಂಚಲಿಂಗ ದರ್ಶನಕ್ಕೆ ಲಕ್ಷಾಂತರ ಜನ ಸೇರುವ ಜಾಗದಲ್ಲಿ ತೆರೆದ ತಂತಿಗಿಂತ ಭೂಗತ ಕೇಬಲ್ ಒಳ್ಳೆಯದು ಅಂತ ಯಾರಿಗಾದರೂ ಅನಿಸುತ್ತೆ. ಆದರೆ ಮೈಸೂರಿನ ಕೆಂಪುಮಣ್ಣಿಗೆ ಲೆಕ್ಕ ಹಾಕಿದ ಕೇಬಲ್ಲನ್ನೇ ಇಲ್ಲಿನ ಒಣ ಮರಳಿಗೆ ಹಾಕಿದರೆ ಅದು ಹೊರಬಲ್ಲ ವಿದ್ಯುತ್ ಕಡಿಮೆ. ಹೆಚ್ಚು ಹರಿಸಿದರೆ ಪ್ಲಾಸ್ಟಿಕ್ ಬೇಗ ಮುದಿಯಾಗುತ್ತೆ. ಶಾಖ ಸಾಗಿಸುವ ಬೇರೆ ಮಣ್ಣನ್ನು ಗುಂಡಿಗೆ ತುಂಬಬೇಕು, ಇಲ್ಲವೇ ದೊಡ್ಡ ಗಾತ್ರ ಹಾಕಬೇಕು. ಇನ್ನೊಂದು ತೊಡಕು: ಕೀರ್ತಿನಾರಾಯಣ ದೇವಾಲಯದಂಥ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಬೇಕೆಂದ ಹಾಗೆ ಅಗೆಯಲು ಬರಲ್ಲ.

ಪಾಠ ಇಷ್ಟೇ: ಮಣ್ಣು ಪರೀಕ್ಷೆ ಮಾಡದೆ, ಐದು ಜಿಲ್ಲೆಗೆ ಒಂದೇ ಪಟ್ಟಿ ಇಟ್ಟು ಕೊಳ್ಳುವ ಕೇಬಲ್ ಕಾಗದದ ಮೇಲೆ ಮಾತ್ರ ಅಗ್ಗ.

ದುಡ್ಡು ಯಾರದು?

ಕಂಪನಿ ಕೇಬಲ್‌ಗೆ ಮಾಡಿದ ಬಂಡವಾಳ ವೆಚ್ಚವನ್ನು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ, ಒಪ್ಪಿದರೆ ಅದರ ಸವಕಳಿ, ಸಾಲದ ಬಡ್ಡಿ, ಬಂಡವಾಳದ ಮೇಲಿನ ಲಾಭ ಎಲ್ಲವೂ ವಿದ್ಯುತ್ ದರದೊಳಗೆ ಸೇರುತ್ತವೆ. ಆಯೋಗ ವೆಚ್ಚದ ವಿವೇಚನಾ ಪರಿಶೀಲನೆ ಮಾಡುತ್ತದೆ. ಅನಗತ್ಯ ಅನಿಸಿದ್ದನ್ನು ದರದಿಂದ ಹೊರಗಿಡುವ ಅಧಿಕಾರ ಅದಕ್ಕಿದೆ.

ನಗರಕ್ಕೊಂದು ಹಳ್ಳಿಗೊಂದು ಬೇರೆ ಲೆಕ್ಕಪುಸ್ತಕ ಇಲ್ಲ. ನಗರದ ಕೇಬಲ್ ಹೊರೆ ತಲಕಾಡಿನ ಅಂಗಡಿ, ಅಕ್ಕಿ ಗಿರಣಿ, ಮನೆಗಳ ಬಿಲ್ಲಿನಲ್ಲೂ ಇರುತ್ತೆ. "ಪಂಪ್‌ಸೆಟ್‌ಗೆ ಫ್ರೀ, ಗೃಹಜ್ಯೋತಿ ಫ್ರೀ, ನಿಮಗೇನು?" ಅನ್ನಬಹುದು. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೂ, 2023ರಲ್ಲಿ ಶುರುವಾದ ಗೃಹಜ್ಯೋತಿಗೂ ದುಡ್ಡು ತುಂಬುವುದು ರಾಜ್ಯ ಸರ್ಕಾರ. ದರ ಏರಿದರೆ ಸಬ್ಸಿಡಿ ಮೊತ್ತವೂ ಏರುತ್ತೆ. ಅದು ನಮ್ಮ ಶಾಲೆಗೆ, ಆಸ್ಪತ್ರೆಗೆ ಬರಬೇಕಾದ ತೆರಿಗೆ ಹಣ.

ನಾನು ನಗರಕ್ಕೆ ಭೂಗತ ಕೇಬಲ್ ಬೇಡ ಅನ್ನುತ್ತಿಲ್ಲ. ಹೋಪ್ ಫಾರ್ಮ್‌ನಲ್ಲಿ ಸತ್ತ ತಾಯಿ ಮಗು ಯಾರ ಲೆಕ್ಕಕ್ಕೂ ಸಣ್ಣವರಲ್ಲ. ಆದರೆ ಎಲ್ಲರ ದುಡ್ಡಲ್ಲಿ ಕೊಂಡ ಸುರಕ್ಷತೆ ಪಿನ್‌ಕೋಡ್ ನೋಡಿ ಹಂಚಿಕೆಯಾಗಬಾರದು. ಹಳ್ಳಿಗೆ ಪೂರ್ತಿ ಭೂಗತ ಕೇಬಲ್ ದುಬಾರಿ ಅನ್ನುವುದು ನಿಜ. ಆದರೆ ಶಾಲೆ, ಸಂತೆ, ಜಾತ್ರೆ ಜಾಗಗಳಲ್ಲಾದರೂ ತೆರೆದ ತಂತಿ ಬದಲು ಕವಚವಿರುವ ಎಬಿ ಕೇಬಲ್ ಹಾಕುವುದು, ಜೋತುಬಿದ್ದ ತಂತಿಗೆ ನಡುಕಂಬ ಕೊಡುವುದು ಅಸಾಧ್ಯವೇನಲ್ಲ.

ನಾವೇನು ಮಾಡಬಹುದು?

ಒಂದು, ಮಾಹಿತಿ ಹಕ್ಕು ಕಾಯ್ದೆ 2005. ಇದರ ಕಲಂ 2(ಜೆ)ಯನ್ನು ಬಹಳ ಜನ ಓದಿರಲ್ಲ. ದಾಖಲೆಯ ಪ್ರತಿ ಪಡೆಯುವುದಷ್ಟೇ ಅಲ್ಲ, ಕಾಮಗಾರಿ ಪರಿಶೀಲಿಸುವ ಮತ್ತು ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕನ್ನೂ ಅದು ಕೊಡುತ್ತದೆ. ಅಂದರೆ ರಸ್ತೆ ಬದಿಯಲ್ಲಿ ನಿಂತ ಡ್ರಮ್‌ನಿಂದ ಕತ್ತರಿಸಿದ ಕೇಬಲ್ ತುಂಡನ್ನು ಕಾನೂನುಬದ್ಧವಾಗಿ ಕೇಳಬಹುದು. ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ. ಅರ್ಜಿ ಒಂದೇ ವಿಷಯಕ್ಕೆ, 150 ಪದಗಳ ಮಿತಿಯಲ್ಲಿರಬೇಕು. ಉತ್ತರಕ್ಕೆ 30 ದಿನ. ಕಾಮಗಾರಿ ಅಷ್ಟರೊಳಗೆ ಮುಗಿಯಬಹುದು, ಅದಕ್ಕೇ ಅಗೆತ ಶುರುವಾಗುವ ಮೊದಲೇ, ಕಾರ್ಯಾದೇಶ ಹೊರಬಿದ್ದ ಕೂಡಲೇ ಅರ್ಜಿ ಹಾಕಿ.

ಕೇಳಬೇಕಾದ್ದು: ಕೇಬಲ್ ಗಾತ್ರ ನಿರ್ಧರಿಸಿದ ಲೆಕ್ಕ, ಎಲ್ಲ ಬಿಡ್‌ದಾರರ ತುಲನಾ ಪಟ್ಟಿ, ಟೈಪ್ ಮತ್ತು ಸ್ವೀಕಾರ ಪರೀಕ್ಷಾ ವರದಿ, ಡ್ರಮ್ ಸಂಖ್ಯೆಗಳ ಪಟ್ಟಿ, ಬೆಲೆ ಏರಿಳಿತದ ಪೂರಕ ಬಿಲ್‌ಗಳು, ಕೇಬಲ್ ಹಾದುಹೋದ ನಕ್ಷೆ ಮತ್ತು ಜಾಯಿಂಟ್‌ಗಳ ದಾಖಲೆ. "ವಾಣಿಜ್ಯ ರಹಸ್ಯ" ಅಂತ ಕಲಂ 8(1)(ಡಿ) ತೋರಿಸಿದರೆ, ಸಾರ್ವಜನಿಕ ಹಿತಾಸಕ್ತಿ ದೊಡ್ಡದಿದ್ದರೆ ಕೊಡಬೇಕು ಅಂತ ಅದೇ ಕಲಂ ಹೇಳುತ್ತದೆ ಎಂದು ನೆನಪಿಸಿ ಮೇಲ್ಮನವಿ ಹಾಕಿ.

ಎರಡು, ಕೆಇಆರ್‌ಸಿ. ವಿದ್ಯುತ್ ಕಾಯ್ದೆ 2003ರ ಕಲಂ 64ರ ಪ್ರಕಾರ ದರ ಅರ್ಜಿಯನ್ನು ಪ್ರಕಟಿಸಬೇಕು, ಸಾರ್ವಜನಿಕರ ಆಕ್ಷೇಪಣೆ ಪರಿಗಣಿಸಿ 120 ದಿನದೊಳಗೆ ಆಯೋಗ ಆದೇಶ ಕೊಡಬೇಕು. 2025ರ ಮಾರ್ಚ್‌ನಲ್ಲಿ ಆಯೋಗ ಮೂರು ವರ್ಷದ ದರವನ್ನು ಒಟ್ಟಿಗೇ ಘೋಷಿಸಿತು. ಹಾಗಂತ ಕಂಪನಿಗಳ ವೆಚ್ಚದ ಪರಿಶೀಲನೆ ನಿಲ್ಲುವುದಿಲ್ಲ. ಆಕ್ಷೇಪಣೆ ಸಲ್ಲಿಸುವವರಲ್ಲಿ ಉದ್ಯಮಿಗಳ ಸಂಘಗಳೇ ಮುಂದೆ. ವಿದ್ಯಾರ್ಥಿ ಸಂಘಟನೆ, ರೈತಸಂಘ, ಗ್ರಾಮ ಪಂಚಾಯಿತಿಗಳು ಒಂದು ಪುಟದ ಆಕ್ಷೇಪಣೆಯನ್ನಾದರೂ ಕನ್ನಡದಲ್ಲಿ ಬರೆದು ಕಳಿಸಬೇಕು.

ಮೂರು, ಮಹಾಲೇಖಪಾಲರ ವರದಿ. ಸರ್ಕಾರಿ ಕಂಪನಿಗಳ ಲೆಕ್ಕ ಸಿಎಜಿ ವ್ಯಾಪ್ತಿಗೆ ಬರುತ್ತದೆ, ವರದಿ ವಿಧಾನಮಂಡಲದಲ್ಲಿ ಮಂಡನೆಯಾಗುತ್ತದೆ. ನಿಮ್ಮ ಶಾಸಕರು ಅದನ್ನು ಓದಿದ್ದಾರಾ ಅಂತ ಕೇಳಿ.

ನಾಲ್ಕು, ಕಣ್ಣು ಮತ್ತು ಮೊಬೈಲ್. ನಿಮ್ಮ ಬೀದಿಯಲ್ಲಿ ಗುಂಡಿ ತೋಡಿದಾಗ ಆಳ ಅಳೆಯಿರಿ, ಡ್ರಮ್ ಮೇಲಿನ ಗುರುತಿನ ಫೋಟೊ ತೆಗೆಯಿರಿ, ಕೇಬಲ್ ಕೆಳಗೆ ಮೇಲೆ ಮೃದು ಮಣ್ಣಿನ ಹಾಸು, ಇಟ್ಟಿಗೆ ಅಥವಾ ಹಲಗೆಯ ರಕ್ಷಣೆ ಹಾಕಿದ್ದಾರಾ ನೋಡಿ. ಗುಂಡಿಗೆ ಇಳಿಯಬೇಡಿ, ಕೇಬಲ್ ಮುಟ್ಟಬೇಡಿ, ದೂರದಿಂದಲೇ ಇದೆಲ್ಲ ಸಾಧ್ಯ. ಗುಂಡಿ ತೆರೆದಿರುವುದು ಹೆಚ್ಚೆಂದರೆ ಒಂದೆರಡು ದಿನ. ಅದರಲ್ಲಿ ಹೂತದ್ದಕ್ಕೆ ನಾವು ದುಡ್ಡು ಕಟ್ಟುವುದು ಇಪ್ಪತ್ತೈದು ವರ್ಷ.